ಕ್ಯಾಮೆರಾ ಮಾವನ ಕೊನೆಯ ಪರೀಕ್ಷೆ

ಬೀದಿಯಲ್ಲಿ ಯಾರೇ ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಂಡರೂ ಅದು ಮೊದಲು ‘ಕ್ಯಾಮೆರಾ ಮಾವ’ನ ಕೈಯಲ್ಲಿ ಪಾಸಾಗಬೇಕು. ಅಂಗಿ ಜೇಬಿಗಿಳಿಸಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಎಣ್ಣೆಗೈಯಲ್ಲೇ ಗುಂಡಿ ಒತ್ತುತ್ತಾರೆ, “ಮಗು ನಕ್ಕು ಮುಗ್ಸೋದ್ರೊಳಗೆ ಕಣ್ಣು ಬಿಡ್ಬೇಕು, ಇಲ್ದಿದ್ರೆ ಇದೆಂಥ ಕ್ಯಾಮೆರಾ?” ಎಂದು ಗದರುತ್ತಾರೆ. ಕೊನೆಯ ಪರೀಕ್ಷೆ ಮಾತ್ರ ಮನೆಯೊಳಗೆ: ತೀರಿಹೋದ ಹೆಂಡತಿ ಕೂರುತ್ತಿದ್ದ, ಕಿಟಕಿ ಪಕ್ಕದ ಬೆಂಚಿನತ್ತ ಹಿಡಿಯುತ್ತಾರೆ. ಮುಖ ಕಂಡರೆ ಪರದೆಯಲ್ಲಿ ಮೂಡುವ ಹಳದಿ ಚೌಕ ಆ ಖಾಲಿ ಬೆಂಚಿನ ಮೇಲೆ ಮೂಡದಿದ್ದರೆ, “ಇದಕ್ಕೆ ದೃಷ್ಟಿ ಸಾಲ್ದು, ವಾಪಸ್ ಕೊಡಿ” ಎನ್ನುತ್ತಾರೆ. ಮೊನ್ನೆ ಹೊಸ ಸೊಸೆ ಅಲ್ಲೇ ಕೂತು, “ನಂದೊಂದು ತೆಗೀರಿ ಮಾವ” ಎಂದಳು. ಪರದೆಯಲ್ಲಿ ಎರಡು ಚೌಕ ಮೂಡಿದವು. ಮಾವ ತಲೆ ಎತ್ತದೆಯೇ ಹೇಳಿದರು: “ಸ್ವಲ್ಪ ಸರ್ಕೊಂಡು ಕೂತ್ಕೋಮ್ಮ, ನಿಮ್ಮತ್ತೆಗೆ ಇಕ್ಕಟ್ಟಾಗ್ತಿದೆ.”