ಶಿವದೇವಿಯ ಅಂಗಡಿಯ ಹಿಂದಿನ ಬಾಗಿಲು

ಸುಲ್ತಾನ್ ಬಜಾರಿನಲ್ಲಿ ಲಂಗ, ಬ್ಲೌಸ್‌ಪೀಸ್ ಮಾರುವ ಶಿವದೇವಿ ಬೀದರ್ ಕಡೆಯ ಹುಮನಾಬಾದಿನವರು. ಮದುವೆಯಾಗಿ ಹೈದರಾಬಾದಿಗೆ ಬಂದು ಮೂವತ್ತೆರಡು ವರ್ಷ. ಗಿರಾಕಿಗಳೊಂದಿಗೆ ತೆಲುಗು, ಸಗಟು ವ್ಯಾಪಾರಿಗಳೊಂದಿಗೆ ಹಿಂದಿ. ಕನ್ನಡವೇನಿದ್ದರೂ ಕುಷಾಯಿಗೂಡದ ಮನೆಯಲ್ಲಿ, ಗಂಡ ಸೂಗಪ್ಪನೊಂದಿಗೆ.

ಹಾಗಾಗಿ ಹೋದ ವರ್ಷ ಮ್ಯಾನೇಜ್‌ಮೆಂಟ್ ಓದುವ ಮೈಸೂರಿನ ತೇಜಸ್ವಿನಿ, ಶಿವದೇವಿ ಗಂಡನೊಂದಿಗೆ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಒಳಗೆ ಬಂದಾಗ ಅವರಿಗೆ ಹಿಗ್ಗೋ ಹಿಗ್ಗು. ಸಣ್ಣ ಅಂಗಡಿಯ ಲಾಭ ಹೆಚ್ಚಿಸುವುದು ಹೇಗೆಂದು ಅವಳು ಕಾಲೇಜಿಗೆ ವರದಿ ಬರೆಯಬೇಕಿತ್ತು.

"ಕುಂದರವ್ವ. ಎಷ್ಟ ದಿನ ಬೇಕೋ ಅಷ್ಟ ದಿನ ಬಾ," ಎಂದರು.

ಮೂರನೆಯ ದಿನ ತೇಜಸ್ವಿನಿ ಟೇಪು ಹಿಡಿದು ಅಂಗಡಿ ಅಳೆದಳು. ಹಿಂದಿನ ಬಾಗಿಲಾಚೆ ಒಂದು ಬಾತ್‌ರೂಮು, ಅದರ ಮುಂದೊಂದು ಬೆಂಚು.

"ಅಮ್ಮ, ಇದನ್ನ ತೆಗೆದರೆ ಇನ್ನೂ ಐವತ್ತು ಬಣ್ಣದ ಲಂಗ ಇಡಬಹುದು."

"ತೆಗದರ ಬಜಾರಿಗೆ ಬಂದ ಹೆಣ್ಮಕ್ಕಳು ಎಲ್ಲಿ ಹೋಗಬೇಕು? ನೀ ಮುಂಜಾನಿಂದ ನೀರು ಕುಡದೀಯೇನು?"

ತೇಜಸ್ವಿನಿ ಟೇಪು ಸುತ್ತಿಟ್ಟಳು. ಬಜಾರಿಗೆ ಬರುವ ದಿನ ನೀರು ಕುಡಿಯದಿರುವುದು ಅವಳಿಗೂ ರೂಢಿಯಾಗಿಬಿಟ್ಟಿತ್ತು.

ಹನ್ನೊಂದು ವರ್ಷದ ಹಿಂದೆ ಒಬ್ಬ ಬಸುರಿ ಸಂಕೋಚದಿಂದ ಬಂದು ಬಾತ್‌ರೂಮು ಇದೆಯೇ ಎಂದು ಕೇಳಿದ್ದಳಂತೆ. ಅಂದಿನಿಂದ ಆ ಬಾಗಿಲಿಗೆ ಬೀಗವಿಲ್ಲ. ಏನಾದರೂ ಕೊಳ್ಳಲೇಬೇಕೆಂಬ ಮಾತೂ ಇಲ್ಲ.

ಒಂದು ಶನಿವಾರ ತೇಜಸ್ವಿನಿ ಆ ಬೆಂಚಿನ ಮೇಲೇ ದಿನವಿಡೀ ಕುಳಿತಳು. ಹೂ ಮಾರುವವರು, ಕಾಲೇಜು ಹುಡುಗಿಯರು, ಕೂಸಿಗೆ ಹಾಲೂಡಿಸಲು ಬಂದ ತಾಯಂದಿರು, ಒಟ್ಟು ಎಂಬತ್ತೊಂದು ಜನ. ಅವಳು ಬರೆದಿದ್ದನ್ನೆಲ್ಲ ಅಳಿಸಿ ಹೊಸ ವರದಿ ಬರೆದಳು. ಅದನ್ನೋದಿದ ಪ್ರೊಫೆಸರ್ ಅಹಲ್ಯಾ ಶಿವದೇವಿಯನ್ನು ತರಗತಿಗೇ ಕರೆಸಿದರು. ಸೂಗಪ್ಪ ಇಸ್ತ್ರಿ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕುಳಿತು, ಹೆಂಡತಿ ಬಾಯಿ ತೆರೆಯುವ ಮುಂಚೆಯೇ ಚಪ್ಪಾಳೆ ತಟ್ಟಿದರು.

ಮಾತು ಮುಗಿದ ಮೇಲೆ ಬೆಂಗಳೂರಿನ ಗಗನ ಎದ್ದು ಕನ್ನಡದಲ್ಲೇ ಕೇಳಿದ: "ಮೇಡಂ, ಇದರಿಂದ ಬಿಸಿನೆಸ್‌ಗೆ ಏನು ಸಿಗುತ್ತೆ?"

"ನಿಮ್ಮವ್ವ ಬಜಾರಿಗೆ ಹೋಗ್ತಾಳಲ್ಲಪ್ಪಾ, ಆಕೀನ್ನ ಕೇಳು."

ಕನ್ನಡ ಬಾರದವರೂ ಪಕ್ಕದವರಿಂದ ಅರ್ಥ ತಿಳಿದು ನಕ್ಕರು. ಗಗನ ಮಾತ್ರ ಅಂದು ಸಂಜೆ ನಿಜವಾಗಿಯೂ ತಾಯಿಗೆ ಫೋನ್ ಮಾಡಿದ. ಅವರು ಏನು ಹೇಳಿದರೋ, ಮರುದಿನ ಹೆಂಗಸರಿಗೆ ಬಾತ್‌ರೂಮು ಬಿಟ್ಟುಕೊಡಿ ಎಂದು ಕೇಳಲು ಬಜಾರಿನ ಅಂಗಡಿಗಳ ಮೆಟ್ಟಿಲು ಹತ್ತಿದ ವಿದ್ಯಾರ್ಥಿಗಳಲ್ಲಿ ಅವನೇ ಮೊದಲಿಗ.

"ಲಾಭ ಮಾಡೋದು ಹೇಗೆ ಅಂತ ಇಪ್ಪತ್ತು ವರ್ಷ ಕಲಿಸಿದೆ. ಅಂಗಡಿಯಿಂದ ಬೀದಿಗೇನು ಸಿಗ್ತು ಅಂತ ಒಮ್ಮೆಯೂ ಕೇಳಲಿಲ್ಲ," ಎಂದರು ಅಹಲ್ಯಾ. ಆ ವರ್ಷದಿಂದ ಪ್ರತಿ ವರದಿಯಲ್ಲೂ ಆ ಪ್ರಶ್ನೆ ಸೇರಿತು. ಒಪ್ಪಿದ ಅಂಗಡಿಗಳ ಬಾತ್‌ರೂಮಿಗೆ ನೀರು ಮತ್ತು ಸ್ವಚ್ಛತೆಯ ಹೊಣೆಯನ್ನು ಕಾಲೇಜು ಹೊತ್ತಿತು. ಶ್ರಾವಣದ ಹೊತ್ತಿಗೆ ಒಂಬತ್ತು ಅಂಗಡಿಗಳು ಹೆಂಗಸರಿಗೆಂದು ಬಾಗಿಲು ತೆರೆದು ಬೋರ್ಡು ಹಾಕಿದವು.

ಕೊನೆಗೆ ಒಪ್ಪಿದವನು, ಈಚೆಗಷ್ಟೇ ಬೀದರ್ ಕಡೆಯಿಂದ ಬಂದು ಬಳೆ ಅಂಗಡಿ ಇಟ್ಟಿದ್ದ ಹುಲಗೇಶ. "ನಮ್ಮದು ಛತ್ರ ಅಲ್ಲರಿ," ಎಂದು ಮೂರು ಸಲ ಹುಡುಗರನ್ನು ವಾಪಸು ಕಳಿಸಿದ್ದ. ಬೋರ್ಡು ಹಾಕಿದ ವಾರಕ್ಕೇ ಶಿವದೇವಿಯ ಅಂಗಡಿಗೆ ಬಂದ.

"ಅಕ್ಕಾರ, ನನ್ನ ಬೋರ್ಡ್ ಭಾಳ ಸಣ್ಣದಾತು, ಯಾರಿಗೂ ಕಾಣಂಗಿಲ್ಲ. ದೊಡ್ಡದು ಮಾಡಸ್ರಿ."

ಶಿವದೇವಿ ನಕ್ಕ ರಭಸಕ್ಕೆ ಕೈಯಲ್ಲಿದ್ದ ಚಹಾ ಹೊಸ ಲಂಗದ ಮೇಲೆ ಚೆಲ್ಲಿತು.