ತೂಬಿನ ಮುಂದಿನ ಜೇಡಿ

ಊರಿನ ಯಾವ ಮನೆಗೂ ಗ್ಯಾಸ್ ಸಿಲಿಂಡರ್ ಬಂದಿರದ ಆ ದಿನಗಳಲ್ಲಿ, ಹೊಸ ಒಲೆ ಹಾಕಬೇಕೆಂದರೆ ಹೆಂಗಸರು ಕೆರೆ ಬತ್ತುವುದನ್ನೇ ಕಾಯಬೇಕಿತ್ತು. ಬೇಸಿಗೆ ಬಂತೆಂದರೆ ಗಂಡಸರು ಗಾಡಿ ಕಟ್ಟಿಕೊಂಡು ತೆಂಗಿನ ತೋಟಕ್ಕೆ ಕೆರೆಯ ಗೋಡುಮಣ್ಣು ಹೊಡೆಯುತ್ತಿದ್ದರು. ಹೆಂಗಸರು ಮಂಕರಿ ಹಿಡಿದು ಒಲೆಗೆ ಮಣ್ಣು ತರುತ್ತಿದ್ದರು. ನಮ್ಮೂರು ಹಳೇಬೀಡಿನ ಪಕ್ಕದ್ದು. ಟೂರಿಸ್ಟ್ ಬಸ್ಸಿನವರು ಕಲ್ಲು ನೋಡಲು ಎಲ್ಲೆಲ್ಲಿಂದಲೋ ಬರುತ್ತಿದ್ದರು, ನಾವು ಮಾತ್ರ ಮಣ್ಣು ನೋಡಿಕೊಂಡೇ ಬೆಳೆದೆವು.

ಮಳೆನೀರು ಹಳ್ಳದಲ್ಲಿ ಓಡೋಡಿ ಬರುವಾಗ ಸಿಕ್ಕಿದ್ದನ್ನೆಲ್ಲ ಹೊತ್ತು ತರುತ್ತಿತ್ತು. ಕೆರೆಯ ಬಾಯಿಗೆ ಬಂದು ಓಟ ಕಮ್ಮಿಯಾದೊಡನೆ ಮೊದಲು ಮರಳನ್ನು ಇಳಿಸುತ್ತಿತ್ತು. ನಡುವೆ ಗೋಡು ಕೂರುತ್ತಿತ್ತು. ಏರಿಗೆ ತಾಗಿ ನೀರು ಪೂರ್ತಿ ನಿಂತ ಮೇಲೆ, ತೂಬಿನ ಮುಂದೆ, ಬೆಣ್ಣೆಯಂಥ ಜೇಡಿ. ಮೀನು, ತಾವರೆಬೇರು ಎರಡೂ ಸೇರಿದಂಥ ವಾಸನೆ ಅದಕ್ಕೆ. ನಾವು ಮಕ್ಕಳು ಅದರಲ್ಲಿ ಬಟ್ಟಲು ಮಾಡಿ, ಬಂಡೆಗೆ ಬೋರಲು ಬಡಿದು, ಯಾರದ್ದು ಜೋರಾಗಿ ಪಟ್ಟೆನ್ನುತ್ತದೋ ನೋಡುತ್ತಿದ್ದೆವು. ನನ್ನ ದೊಡ್ಡಮ್ಮ ಒಲೆಗೆ ಆ ಜೇಡಿಯನ್ನೇ ತರುತ್ತಿದ್ದಳು.

ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ, ಅವಳ ತಟ್ಟೆಯಲ್ಲೇ ಉಣ್ಣುತ್ತಿದ್ದೆ. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ತೋಟದ ಬೋರ್‌ವೆಲ್ ನೀರನ್ನು ಯಾರು ಮೊದಲು ಬಿಟ್ಟುಕೊಳ್ಳಬೇಕೆಂದು ಅಪ್ಪನಿಗೂ ದೊಡ್ಡಪ್ಪನಿಗೂ ಜಗಳ ಹತ್ತಿತು. ಅದು ತೋಟದಿಂದ ಅಡುಗೆಮನೆಗೂ ಬಂತು. ಅಮ್ಮ ದೊಡ್ಡಮ್ಮನೊಡನೆ ಮಾತು ಬಿಟ್ಟಳು. ನಡುವಿನ ಬಾಗಿಲು ಹಾಕಿ ಮನೆ ಬೇರೆ ಮಾಡುವುದೆಂದಾಯಿತು. ಅಡುಗೆಮನೆ ಅವರಿಗೆ, ಕೊಟ್ಟಿಗೆಯ ಪಕ್ಕದ ಕತ್ತಲೆ ಕೋಣೆ ನಮಗೆ.

"ಆ ಕಡೆ ಕಾಲಿಟ್ರೆ ಬರೆ ಹಾಕ್ತೀನಿ," ಎಂದಳು ಅಮ್ಮ.

ಬಾಗಿಲ ಸಂದಿಯಿಂದ ಹುರುಳಿ ಬಸ್ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ದೊಡ್ಡಮ್ಮ ನನಗೇ ಕೇಳಿಸಲೆಂದು ಬಳೆ ಸದ್ದು ಮಾಡುತ್ತಿದ್ದಾಳೆ ಅನ್ನಿಸುತ್ತಿತ್ತು.

ಅಮ್ಮ ಅರಸೀಕೆರೆ ಪೇಟೆಯ ಕೊಬ್ಬರಿ ವ್ಯಾಪಾರಿಯ ಮಗಳು. ಮಣ್ಣೆಂದರೆ ಮಣ್ಣು ಎಂದುಕೊಂಡು, ಹತ್ತಿರವಾಯಿತೆಂದು ಕೆರೆಯ ಬಾಯಿಂದಲೇ ತಂದು ಒಲೆ ಹಾಕಿದಳು. ಬರೀ ಮರಳು! ಮೊದಲ ಉರಿಗೇ ಒಲೆ ಸೀಳಿ, ಮುದ್ದೆಯ ಪಾತ್ರೆ ಬೂದಿಗೆ ಉರುಳಿತು. ಹಿತ್ತಲಲ್ಲಿದ್ದ ದೊಡ್ಡಮ್ಮ ನೋಡಿಯೂ ನೋಡದಂತೆ ಒಳಗೆ ಹೋದಳು.

"ನಗ್ತಾ ಅವ್ರೆ ನೋಡು ಒಳಗೊಳಗೇ," ಎಂದು ಅಮ್ಮ ಕಣ್ಣೊರೆಸಿಕೊಂಡಳು. "ಅಕ್ಕ ಎಲ್ಲಿಂದ ತರ್ತಿದ್ರು ಅಂತ ನಿಂಗೆ ಗೊತ್ತಲ್ಲ? ಹೋಗಿ ತಗೊಂಡ್ ಬಾರೇ."

ಮಧ್ಯಾಹ್ನದ ಬಿಸಿಲಲ್ಲಿ ನಾನು ಮಂಕರಿ ಹಿಡಿದು ತೂಬಿನ ಕಡೆ ಇಳಿದೆ. ಮೇಲೆಲ್ಲ ಹಂಚಿನಂತೆ ಒಣಗಿ ಬಿರಿದಿತ್ತು. ಅರ್ಧ ಮಂಕರಿ ತುಂಬಿರಬೇಕು, ಕಾಲ ಕೆಳಗಿನ ಒಣಪದರ ಮುರಿಯಿತು. ಒಂದು ಕಾಲು ಕೀಳಲು ಹೋದರೆ ಇನ್ನೊಂದು ಇಳಿಯಿತು. ನೋಡನೋಡುತ್ತಲೇ ತೊಡೆಯ ಮೇಲಕ್ಕೆ ಕೆಸರು. ತಣ್ಣಗೆ, ಬಿಗಿಯಾಗಿ, ಯಾರೋ ಕೆಳಗಿನಿಂದ ಕಾಲು ಹಿಡಿದುಕೊಂಡ ಹಾಗೆ. ಕೂಗಿದೆ. ಸುಡುಬಿಸಿಲಿನ ಹೊತ್ತಲ್ಲಿ ಏರಿಯ ಮೇಲೆ ಯಾರಿರುತ್ತಾರೆ? ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ಒದ್ದಾಡಿ ಸೊಂಟದವರೆಗೂ ಹೂತುಹೋದೆ.

ಕೊನೆಗೆ ಏರಿಯ ಮೇಲೆ ತೆಂಗಿನ ಗರಿಯ ಹೊರೆಯೊಂದು ನಡೆದು ಬಂತು. ಕೆಳಗೆ ದೊಡ್ಡಮ್ಮ!

"ಅಲುಗಾಡ್ಬೇಡ ಕಣೇ! ಹಂಗೇ ನಿಂತ್ಕೊ!"

"ದೊಡ್ಡಮ್ಮಾ, ಕಾಲು ಬತ್ತಿಲ್ಲ!"

"ಬತ್ತದೆ, ಸುಮ್ಕಿರು. ಎಲ್ಲಿಗೋದಾತು ಅದು?"

ಹೊರೆ ಬಿಚ್ಚಿ ಒಂದೊಂದೇ ಗರಿ ಹಾಸಿ, ಅದರ ಮೇಲೆ ಹೊಟ್ಟೆಯ ಮೇಲೆ ತೆವಳುತ್ತ ಬಂದಳು. ನನ್ನ ಮಂಕರಿಯನ್ನು ಪಕ್ಕದ ಗರಿಯ ಮೇಲೆ ತಳ್ಳಿ, ಕಂಕುಳಿಗೆ ಕೈಹಾಕಿ ಎಳೆದಳು. ತೋಳು ಕಿತ್ತುಬರುವ ನೋವು, ಕಾಲು ಮಾತ್ರ ಇದ್ದಲ್ಲೇ. ಮತ್ತೆ ಎಳೆದಳು. ಕೊನೆಗೆ ಏದುಸಿರು ಬಿಡುತ್ತ ನನ್ನನ್ನು ತಬ್ಬಿಕೊಂಡು ಹಾಗೇ ಮಲಗಿದಳು.

ಆಗ ಬಸ್ತಿಹಳ್ಳಿಯ ಕಡೆ ಗುಡುಗಿತು. ನಮ್ಮ ಮೇಲೆ ಬಿಸಿಲೇ ಇತ್ತು. ಮಳೆ ಅಲ್ಲೆಲ್ಲೋ ಮೇಲೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಹಳ್ಳದ ಬಾಯಲ್ಲಿ ಸದ್ದು ಕೇಳಿತು. ನೊರೆ, ತರಗು, ಕುರಿಹಿಕ್ಕೆ ಎಲ್ಲವನ್ನೂ ಮುಂದೆ ತಳ್ಳಿಕೊಂಡು ಕೆಂಪುನೀರು ಬರುತ್ತಿತ್ತು. ಬಿರುಕುಗಳಿಗೆ ಗುಳುಗುಳು ಇಳಿಯುತ್ತ, ಅವು ತುಂಬಿದ ಮೇಲೆ ಮುಂದಕ್ಕೆ ಸರಿಯುತ್ತ, ನೇರ ನಮ್ಮ ಕಡೆಗೇ ಬಂತು. ಕೆರೆಗೆ ಬಂದ ನೀರೆಲ್ಲ ಕೊನೆಗೆ ತೂಬಿಗೇ ಬರುವುದು ಎಂದು ನನಗೂ ಗೊತ್ತಿತ್ತು.

"ದೊಡ್ಡಮ್ಮ, ನೀರು ಬತ್ತೈತೆ. ನೀನು ಹೋಗು."

"ಎಲ್ಲಿಗೋಗ್ಲವ್ವ? ನಿನ್ ಬಿಟ್ಟು ಆ ಮನೆಗೋಗಿ ಏನ್ ಮಾಡ್ಲಿ?"

ನೀರು ನನ್ನ ಹೊಟ್ಟೆಗೆ ತಾಗಿತು. ಸತ್ತೇ ಹೋಗುತ್ತೇನೆ ಎಂದು ಅವಳ ಕೊರಳಿಗೆ ಬಿಗಿಯಾಗಿ ಜೋತುಬಿದ್ದೆ. ಅವಳು ಒಂದು ತೋಳನ್ನು ನನ್ನ ತೊಡೆಯ ಪಕ್ಕಕ್ಕೆ, ಭುಜದವರೆಗೂ, ಕೆಸರಿನೊಳಗೆ ತೂರಿಸಿ ಅಲ್ಲಾಡಿಸತೊಡಗಿದಳು.

"ನೀರು ಒಳಕ್ಕಿಳೀಲಿ. ಬಿಗಿದಿರೋದು ಬಿಡ್ತದೆ. ಈಗ ಮೆತ್ತಗೆ ಕಾಲೆತ್ತು, ನನ್ನವ್ವ, ಮೆತ್ತಗೆ."

ಬಿಟ್ಟಿತು. ಒಂದು ಕಾಲು, ಆಮೇಲೆ ಇನ್ನೊಂದು. ನಾನು ಹೆದರಿ ಸಾಯುತ್ತಿದ್ದ ನೀರೇ ನನ್ನನ್ನು ಬಿಡಿಸಿತ್ತು. ಗರಿಗಳು ತೇಲುವ ಹೊತ್ತಿಗೆ ನಾವು ದಡದಲ್ಲಿದ್ದೆವು. ಅಷ್ಟೆಲ್ಲದರ ನಡುವೆಯೂ ದೊಡ್ಡಮ್ಮ ಮಂಕರಿಯನ್ನು ಬಿಟ್ಟಿರಲಿಲ್ಲ.

ಕೆಸರಿನ ಗೊಂಬೆಗಳಂತೆ ಬಂದ ನಮ್ಮನ್ನು ಕಂಡು ಅಮ್ಮ ಓಡಿಬಂದಳು. ನನಗೆರಡು ಬಾರಿಸಿ, ತಬ್ಬಿಕೊಂಡು ಗೋಳೋ ಎಂದು ಅತ್ತಳು. ದೊಡ್ಡಮ್ಮ ಮಂಕರಿಯೊಡನೆ ನೇರ ನಮ್ಮ ಕತ್ತಲೆ ಕೋಣೆಗೆ ಹೋಗಿ, ಮುರಿದ ಒಲೆಯ ಮುಂದೆ ಕೂತಳು.

"ರಾಗಿ ಹೊಟ್ಟು ತತ್ತಾ," ಎಂದಳು ಅಮ್ಮನಿಗೆ.

ಅಮ್ಮ ತಂದಳು. ನೀರೂ ತಂದಳು. ಒಬ್ಬಳು ಕಲಸಿದಳು, ಇನ್ನೊಬ್ಬಳು ಹೊಟ್ಟು ಉದುರಿಸಿದಳು. ನಾನು ಬಾಗಿಲಲ್ಲಿ ನಿಂತು ಕುಣಿಯುವುದೊಂದು ಬಾಕಿ. ಇನ್ನೇನು, ಇಬ್ಬರೂ ಒಂದಾದರು, ಇವತ್ತು ದೊಡ್ಡಮ್ಮನ ಪಕ್ಕದಲ್ಲೇ ಮಲಗುತ್ತೇನೆ!

ದೊಡ್ಡಮ್ಮ ಪಾತ್ರೆ ಕೂರುವ ಮೂರು ಗುಬ್ಬಗಳನ್ನು ತಿದ್ದಿ, ನಾಲ್ಕು ಬೆರಳು ಒದ್ದೆ ಮಾಡಿ ಒಲೆಯ ಬಾಯಿಯನ್ನು ಸವರಿದಳು. "ಚೆನ್ನಾಗಿ ಒಣಗ್ಲಿ, ಆಮೇಲೆ ಉರಿ ಹಾಕು. ಇನ್ನು ಸೀಳಾಕಿಲ್ಲ," ಎಂದು ಎದ್ದಳು. ನನ್ನ ತಲೆ ಸವರಿ, ಆ ಕಡೆಗೆ ಹೋಗಿ, ನಡುವಿನ ಬಾಗಿಲು ಹಾಕಿಕೊಂಡಳು.

ಆ ಒಲೆ ಒಂದು ಸಲ ಬಿರಿಯಲಿ ಎಂದು ನಾನು ಬೇಡಿಕೊಳ್ಳದ ದೇವರಿಲ್ಲ. ಅದು ಬಿರಿಯಲಿಲ್ಲ. ನಮ್ಮ ಮನೆಯೂ ಮತ್ತೆ ಒಂದಾಗಲಿಲ್ಲ.

ಈಗ ಆ ಕೆರೆಯ ಹೂಳನ್ನು ಜೆಸಿಬಿ ತಂದು ಎತ್ತಿದ್ದಾರೆ. ಪೈಪಿನಲ್ಲಿ ನೀರು ತುಂಬಿಸುತ್ತಾರೆ. ತಿಳಿನೀರು, ಜೊತೆಗೆ ಏನನ್ನೂ ಹೊತ್ತು ತರುವುದಿಲ್ಲ. ದೊಡ್ಡಮ್ಮ ಹೋಗಿ ವರ್ಷಗಳಾದವು. ಮೊನ್ನೆ ಕತ್ತಲೆ ಕೋಣೆಗೆ ಟೈಲ್ಸ್ ಹಾಕಿಸಲು ಹಳೆಯ ಒಲೆಯನ್ನು ಒಡೆದಾಗ, ಅವಳ ನಾಲ್ಕು ಬೆರಳಿನ ಗುರುತಿದ್ದ ತುಂಡೊಂದನ್ನು ಎತ್ತಿಟ್ಟುಕೊಂಡೆ. ಆ ಜೇಡಿಯ ವಾಸನೆ ಇನ್ನೊಮ್ಮೆ ಸಿಕ್ಕೀತೆಂಬ ಆಸೆಗೆ ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟೆ. ಎಷ್ಟು ವರ್ಷದ ಉರಿ ಕಂಡಿತ್ತೋ, ಬೆಳಿಗ್ಗೆ ನೋಡಿದರೆ ನೀರು ತಿಳಿಯಾಗಿಯೇ ಇತ್ತು, ತುಂಡು ಒಂದಿಷ್ಟೂ ಮೆತ್ತಗಾಗಿರಲಿಲ್ಲ.