ಚೆಲ್ಲಿದ ಮೊದಲ ನೀರು

ಚಹಾಕ್ಕೆ ಹಾಲು ಬೇಡ, ಬೆಲ್ಲವೂ ಬೇಡ ಎಂದರೆ ಹೇಗೋ ಸಹಿಸಬಹುದು. ಆದರೆ ಎಲೆಯ ಮೇಲೆ ಬಿಸಿನೀರು ಹೊಯ್ದು, ಇಳಿದ ಮೊದಲ ರಸವನ್ನೇ ಅಂಗಳಕ್ಕೆ ಚೆಲ್ಲುವುದೆಂದರೆ? ಅದೂ ಮುನಿದು ಕೂತ ಅಣ್ಣನ ಕಣ್ಣೆದುರಿಗೆ?

ಕಳೆದ ಭಾನುವಾರ ಎಕ್ಕಂಬಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಚೆಲ್ಲಿದವನು ನನ್ನ ಬಾಲ್ಯದ ಗೆಳೆಯ ಗುರುಪಾದ. ಎದುರಿಗೆ ಕೂತವರು ಅವನ ಅಣ್ಣ ಈರಪ್ಪನವರು, ಬೆಲ್ಲದ ವ್ಯಾಪಾರಿ. ನಡುವೆ ಶಾಲೆ ಮಾಸ್ತರನಾದ ನಾನು. (ಇಬ್ಬರ ಜಗಳದಲ್ಲಿ ಮೂರನೆಯವನಾಗಿ ಕೂರುವ ನನ್ನ ಚಟ ನಿಮಗೆ ಹೊಸದಲ್ಲ.)

ಗುರುಪಾದ ಹರೆಯದಲ್ಲೇ ಮನೆ ಬಿಟ್ಟು ಮುಂಬಯಿಗೆ ಓಡಿದವನು. ಸರಕು ಸಾಗಿಸುವ ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ. ಬೇಯಬಾರದ್ದೆಲ್ಲ ಬೇಯುವ ಜಾಗ. ಸುದ್ದಿ ಊರು ಮುಟ್ಟಿದ ದಿನವೇ ಈರಪ್ಪನವರು, ಇನ್ನು ಅವನ ಕೈಯ ನೀರು ಮುಟ್ಟುವುದಿಲ್ಲ ಎಂದರು. ತಾಯಿ ತೀರಿಕೊಂಡಾಗಲೂ ಗುರುಪಾದ ಬರಲಿಲ್ಲ. ಆಮೇಲೆ ಆ ಮನೆಯಲ್ಲಿ ಅವನ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ.

ಈಗ ಹಡಗು ಬಿಟ್ಟು ಬಂದಿದ್ದಾನೆ. ಸಿರ್ಸಿಯಲ್ಲಿ ನಮ್ಮ ಮನೆಯಲ್ಲೇ ಉಳಿದಿದ್ದಾನೆ. "ನನಗ ಆಸ್ತಿ ಪಾಲು ಬ್ಯಾಡೋ. ಹುಟ್ಟಿದ ಮನ್ಯಾಗ ಇರಾಕ ಒಂದು ಮೂಲಿ ಕೊಟ್ರ ಸಾಕು" ಎಂದು ಬಂದ ದಿನದಿಂದ ಹೇಳುತ್ತಿದ್ದಾನೆ. ಅಣ್ಣ ಅವನ ಕೈಯಿಂದ ಏನಾದರೂ ಕುಡಿದರೆ ಮುನಿಸು ಮುರಿದಂತೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ರಾಜಿ ಇಲ್ಲ.

ಅದಕ್ಕೇ ಚಹಾ. ಚೀನಾದ ಕಪ್ಪು ಚಹಾ. (ಹುಬ್ಬೇರಿಸಬೇಡಿ. ಅರವತ್ತೆರಡರಲ್ಲಿ ಗಡಿಯಲ್ಲಿ ಗುಂಡು ಹಾರುವ ಮೊದಲೇ ಹಾಂಗ್‌ಕಾಂಗಿನಲ್ಲಿ ಕೊಂಡದ್ದು.) ಕಪ್ಪಗೆ ಹೊಸೆದ ಎಲೆ, ತುದಿಗೆ ಬಂಗಾರದ ಬಣ್ಣ. ಬಲು ದುಬಾರಿ ಮಾಲಂತೆ. ಅದನ್ನು ಮಾಡುವ ಕ್ರಮವನ್ನು ಹಡಗಿನ ಚೀನೀ ಅಡುಗೆಯವನೇ ಅವನಿಗೆ ಕಲಿಸಿದ್ದ.

ಭಾನುವಾರ ಎಕ್ಕಂಬಿಯ ಆ ಮನೆ ಮುಟ್ಟಿದಾಗ ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಕಟ್ಟೆಯ ಮೇಲೆಯೇ ಪಂಪ್ ಸ್ಟೋವ್ ಹಚ್ಚಿದ. ಈರಪ್ಪನವರ ಹೆಂಡತಿ ನೀಲವ್ವನವರು ಒಂದು ಕೊಡ ನೀರು ತಂದಿಟ್ಟು ಬಾಗಿಲ ಮರೆಗೆ ನಿಂತರು. ಗುರುಪಾದ ಪುಟ್ಟ ಕುಡಿಕೆಗೆ ಎಲೆ ಹಾಕಿ, ನೀರು ಹೊಯ್ದು, ಮೊದಲ ನೀರನ್ನು ಚೆಲ್ಲಿದ. ಮತ್ತೆ ಅದೇ ಎಲೆಗೆ ನೀರು ಹೊಯ್ದು ಅಣ್ಣನ ಮುಂದೆ ಬಟ್ಟಲು ಹಿಡಿದ.

ಈರಪ್ಪನವರು ಎದ್ದೇಬಿಟ್ಟರು.

"ಸಾರ ಎಲ್ಲಾ ಅಂಗಳಕ್ಕ, ಚರಟದ ನೀರು ಅಣ್ಣಗ! ನೋಡ್ರಿ ಮಾಸ್ತರ, ಇದನ್ನ ಕಲ್ತು ಬಂದಾನ ನಿಮ್ಮ ದೋಸ್ತ."

ಚರಟಕ್ಕೆ ಎರಡನೇ ಸಲ ನೀರು ಹಾಕಿ ಕೊಡುವುದು ಎಂಥವರಿಗೆ? ಬೇಗ ಎದ್ದು ಹೋಗಲಿ ಎನಿಸುವವರಿಗೆ. ನಮ್ಮೂರಿನ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಬಟ್ಟಲಲ್ಲಿ ಹೇಳುತ್ತಾರೆ. ಇಷ್ಟು ವರ್ಷ ಸಮುದ್ರದ ಮೇಲಿದ್ದವನು ಇದನ್ನೇ ಮರೆತಿದ್ದ.

"ಹಂಗಲ್ಲ ಅಣ್ಣಾ, ಅದು ಎಲಿ ತೊಳದ ನೀರು..." ಗುರುಪಾದ ತೊದಲಿದ. ಕೇಳುವವರು ಯಾರು? ಈರಪ್ಪನವರು ಆಗಲೇ ಬಾಗಿಲಿಗೆ ತಿರುಗಿದ್ದರು.

ಆಗ ನೀಲವ್ವನವರು ಹೊರಗೆ ಬಂದರು. ಮೈದುನನ ಕೈಯಿಂದ ಬಟ್ಟಲು ತೆಗೆದುಕೊಂಡರು. ಗಂಡನಿಗಿಂತ ಮೊದಲು, ಹೊರಗಿನವನಾದ ನನ್ನೆದುರಿಗೆ, ನಿಂತಲ್ಲೇ ಕುಡಿದರು!

"ಅಕ್ಕಿ ತೊಳದ ನೀರು ಚೆಲ್ಲೂದಿಲ್ಲೇನ್ರಿ ನಾವು? ಕುಂದರ್ರಿ" ಎಂದರು.

ಈರಪ್ಪನವರು ಹೆಂಡತಿಯ ಮುಖವನ್ನೇ ನೋಡಿದರು. ಕೂತರು.

ಮುಂದೆ ನಡೆದದ್ದನ್ನು ಹೇಗೆ ಹೇಳಲಿ? ತಮ್ಮ ಹಿಡಿದ ಬಟ್ಟಲನ್ನು ಈರಪ್ಪನವರು ತೆಗೆದುಕೊಂಡರು, ಕುಡಿದರು. ಅದೇ ಎಲೆ, ಹೊಸ ಹೊಸ ನೀರು. ಮೊದಲ ಬಟ್ಟಲಲ್ಲಿ ಸುಟ್ಟ ಗೆಣಸಿನ ಕಂಪು. ನಂತರದ್ದು ಒಗರು, ನಾಲಗೆ ಹಿಡಿಯುವಂಥದು. ಆಮೇಲೆ ಒಗರು ಇಳಿದು, ಗಂಟಲಲ್ಲಿ ಎಲ್ಲಿಂದಲೋ ಸಿಹಿ ಎದ್ದಿತು. ಸ್ಟೋವಿನ ಸದ್ದೊಂದೇ.

ಈರಪ್ಪನವರು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು. ವ್ಯಾಪಾರಿಯ ಮೂಗು, ಸುಮ್ಮನಿರುತ್ತದೆಯೆ?

"ಜೋನಿ ಬೆಲ್ಲದ ವಾಸನಿ ಐತಲ್ಲೋ ಇದರಾಗ."

ಅಷ್ಟು ವರ್ಷಗಳ ಮೇಲೆ ಅಣ್ಣ ತಮ್ಮನಿಗೆ ನೇರ ಆಡಿದ ಮೊದಲ ಮಾತು ಅದು.

"ಅದಕ್ಕ ತಂದೀನಿ, ಅಣ್ಣಾ."

ಮತ್ತೆ ನೀರು, ಮತ್ತೆ ಬಟ್ಟಲು. ಬಣ್ಣ ತೆಳುವಾಗುತ್ತ ಬಂತು. ಈರಪ್ಪನವರು ತಲೆ ಎತ್ತದೆ ಕೇಳಿದರು: "ಅವ್ವ ಹ್ವಾದಾಗ ಯಾಕ ಬರಲಿಲ್ಲ?"

"ಹಡಗಿನ್ಯಾಗಿದ್ದೆ. ದಂಡಿ ಮುಟ್ಟಿದ ಮ್ಯಾಲೆ ತಿಳೀತು. ಆಮ್ಯಾಲೆ ಯಾವ ಮುಖ ಹೊತ್ಕೊಂಡು ಬರ್ಲಿ?"

ಈರಪ್ಪನವರು ಖಾಲಿ ಬಟ್ಟಲನ್ನು ಮುಂದೆ ಚಾಚಿದರು. ಈ ಸಲ ಬಂದದ್ದು ಹೆಚ್ಚುಕಡಿಮೆ ಬರೀ ಬಿಸಿನೀರು. ಅದನ್ನೂ ಪೂರ್ತಿ ಕುಡಿದರು. ನೀಲವ್ವನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು. ಸುಳ್ಳು ಯಾಕೆ ಹೇಳಲಿ?

ಇನ್ನೇನು, ಎಲ್ಲ ಸರಿಹೋಯಿತು ಎಂದುಕೊಂಡೆ. ಈರಪ್ಪನವರು ಎದ್ದು ಪಂಚೆ ಕೊಡವಿದರು. "ರೊಟ್ಟಿ ಉಂಡು ಹೋಗು" ಎಂದು ತಮ್ಮನಿಗೆ ಹೇಳಿ ಒಳಗೆ ನಡೆದರು.

ಗುರುಪಾದ ಒಳಗೆ ಹೋದ. ಅಣ್ಣನ ಪಕ್ಕದಲ್ಲೇ ಕೂತು ಉಂಡ. ಸಂಜೆಯ ಬಸ್ಸಿಗೆ ನನ್ನ ಜೊತೆ ಸಿರ್ಸಿಗೆ ಹೊರಟ. ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದ. ನನಗೆ ಸಂತೋಷವೂ ಆಗಿತ್ತು, ಸಿಟ್ಟೂ ಬಂದಿತ್ತು. ಈರಪ್ಪನವರು ಕೆಟ್ಟವರಲ್ಲ. ನನ್ನ, ನಿಮ್ಮ ಹಾಗೆಯೇ ಒಳ್ಳೆಯವರು. ಬಿಗುಮಾನ ನಮ್ಮಲ್ಲಿ ಯಾರಿಗೆ ಕಡಿಮೆ?

"ಉಂಡು ಹೋಗು" ಎನ್ನಲು ಅಷ್ಟೊಂದು ಬಟ್ಟಲು ಬೇಕಾಯಿತು. "ಇಲ್ಲೇ ಇರು" ಎನ್ನಲು ಇನ್ನೆಷ್ಟು ಬೇಕು?